ನಾಲ್ಕು ಗಂಟೆಯ ಫೋಟೊ

ಮೀಟಿಂಗ್ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಮನೆಯವರು ಗೂಡ್ಸ್ ಆಟೊ ಓಡಿಸುತ್ತಾರೆ. ಅವರ ಸಂಘದ್ದು ಆಗಾಗ ಮೀಟಿಂಗ್ ಇರುತ್ತದೆ. ಹೊರಡುವಾಗ ಅವರು ಆ ಪದವನ್ನೇ ಎತ್ತದೆ, ಇಲ್ಲೇ ಒಂದು ಸುತ್ತು ಹೋಗಿ ಬರ್ತೀನಿ ಎಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ. ಎಲ್ಲಿಗೆ ಎಂದು ನನಗೂ ಗೊತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತು. ಆದರೂ ಹೇಳುವುದಿಲ್ಲ. ಹೇಳಿದರೆ ನಾನು ಶುರು ಮಾಡುತ್ತೇನೆ, ಶುರು ಮಾಡಿದರೆ ಸಾರು ಒಲೆಯ ಮೇಲೆ ಸೀದುಹೋಗುತ್ತದೆ.

ಇವತ್ತು ಅದನ್ನೇ ಶುರು ಮಾಡಿದ್ದೇನೆ. ಸಾರು ಇಳಿಸಿ ಬಂದು ಕೂತಿದ್ದೇನೆ.

ನಾನು ಶಿಡ್ಲಘಟ್ಟದವಳು. ಇಲ್ಲಿ ಸಂದಿಗೊಂದು ರೇಷ್ಮೆ ಶೆಡ್ಡು. ಒಳಗೆ ಸಾಲಾಗಿ ಬೇಸಿನ್ನುಗಳು, ಬೇಸಿನ್ನಿನಲ್ಲಿ ಸುಡುನೀರು, ನೀರಿನಲ್ಲಿ ಬೆಂದ ಗೂಡು. ಹೆಂಗಸರು ಬೇಸಿನ್ನಿನ ಮುಂದೆ ನಿಂತು ಗೂಡಿನಿಂದ ಎಳೆಯ ತುದಿ ಹುಡುಕಿ ಮೇಲೆ ಸುತ್ತುವ ರಾಟೆಗೆ ಕೊಡುತ್ತಾರೆ. ಗಾಳಿ ಬೀಸಿದರೆ ಎಳೆ ಕಡಿಯುತ್ತದೆ ಎಂದು ಕಿಟಕಿ ತೆಗೆಯುವುದಿಲ್ಲ. ಉಗಿ, ಹೊಗೆ, ಬೆಂದ ಹುಳುವಿನ ವಾಸನೆ, ಎಲ್ಲ ಅಲ್ಲೇ ಸುತ್ತುತ್ತಿರುತ್ತದೆ. ಬಿಸಿಲು ಏರಿದರೆ ಒಳಗೆ ನಿಲ್ಲಲಾಗದು. ಅದಕ್ಕೇ ಕೆಲಸ ಬೆಳಿಗ್ಗೆ ಆರಕ್ಕೆ ಶುರುವಾಗುತ್ತದೆ, ಮಧ್ಯಾಹ್ನ ಎರಡು ಎರಡೂವರೆಗೆ ಮುಗಿಯುತ್ತದೆ. ಒಲೆ ಕಾದ ಮೇಲೆ ಬಂದವಳಿಗೆ ಆವತ್ತು ಬೇಸಿನ್ ಇಲ್ಲ. ಇದನ್ನು ಯಾರೂ ಬೋರ್ಡು ಬರೆದು ಹಾಕಿಲ್ಲ. ನಮ್ಮಮ್ಮನ ಕಾಲದಿಂದಲೂ ಹೀಗೇ ನಡೆದಿದೆ. ಅಮ್ಮನ ಬೆರಳ ತುದಿಗಳು ಸದಾ ನೆನೆದು ಬಿಳುಚಿಕೊಂಡಿರುತ್ತಿದ್ದವು. ನನ್ನ ಕೆನ್ನೆ ಮುಟ್ಟಿದರೆ ಒರಟಾಗಿ ತಗಲುತ್ತಿದ್ದವು.

ಈ ಕೆಲಸದ ಬದುಕನ್ನು ಸುಧಾರಿಸುತ್ತೇವೆ ಎಂದು ಹೊರಗಿನಿಂದ ಯೋಜನೆಗಳು ಬರುವುದನ್ನು ನಾನು ಲಂಗ ತೊಟ್ಟ ಕಾಲದಿಂದ ನೋಡಿದ್ದೇನೆ. ಒಮ್ಮೆ ರಬ್ಬರಿನ ಕೈಗವಸು ಬಂತು. ಕೂದಲಿಗಿಂತ ಸಣ್ಣ ಎಳೆ, ಬರಿಬೆರಳಿಗೇ ಒಮ್ಮೊಮ್ಮೆ ಸಿಕ್ಕದು, ಕೈಗವಸಿಗೆ ಎಲ್ಲಿಂದ ಸಿಕ್ಕೀತು? ಅಮ್ಮ ಅದನ್ನು ಹಾಕಿಕೊಂಡು ಹುಣಸೆಹಣ್ಣಿನಲ್ಲಿ ತಾಮ್ರದ ಹಂಡೆ ತಿಕ್ಕುತ್ತಿದ್ದಳು. ಹಂಡೆ ಫಳಫಳ ಹೊಳೆಯುತ್ತಿತ್ತು. ಕಾರ್ಮಿಕರಲ್ಲಿ ಅರಿವಿನ ಕೊರತೆ ಇದೆ, ಅದಕ್ಕೇ ಕೈಗವಸು ಬಳಸುತ್ತಿಲ್ಲ ಎಂದು ಬಂದವರು ಹೇಳಿ ಹೋದರು. ಕೊರತೆ ಯಾವಾಗಲೂ ನಮ್ಮದೇ. ಅವರ ಕಡೆ ಕೊರತೆ ಆದದ್ದನ್ನು ನಾನಂತೂ ಕೇಳಿಲ್ಲ.

ಇಂಥ ನೂರು ಯೋಜನೆಗಳ ನಡುವೆ ಒಂದೇ ಒಂದು ನಿಜವಾಗಿ ಬೇಕಾದದ್ದು ಬಂತು. ನನ್ನ ಸಿಟ್ಟೆಲ್ಲ ಅದರ ಮೇಲೇ. ಬೇಡದ್ದು ಬಂದು ಹಾಳಾದರೆ ಹಂಡೆ ತಿಕ್ಕಿಕೊಂಡು ಸುಮ್ಮನಿರಬಹುದು.

ದುಡಿಯುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳಲು ಒಂದು ಶಿಶುಪಾಲನಾ ಕೇಂದ್ರ ಮಂಜೂರಾಯಿತು. ನಾವು ಅದನ್ನು ಸೆಂಟರ್ ಎನ್ನುತ್ತಿದ್ದೆವು. ಶೆಡ್ಡುಗಳ ಬೀದಿಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದರು. ಗೋಡೆಗೆ ಗಿಳಿ, ಮೊಲ, ಮಾವಿನಹಣ್ಣು ಬರೆಸಿದರು. ಮಕ್ಕಳನ್ನು ನೋಡಿಕೊಳ್ಳಲು ನನ್ನನ್ನು ತೆಗೆದುಕೊಂಡರು. ನಮ್ಮಪ್ಪ ಸ್ಕೂಲಿನಲ್ಲಿ ಜವಾನರಾಗಿದ್ದವರು. ಗೋಡೆಯ ಮೇಲೆ ಬುದ್ಧನ ಪಟ ಹಾಕಿ, ಅದರ ಕೆಳಗೆ ನಮ್ಮನ್ನು ಕೂರಿಸಿ ಓದಿಸಿದರು. ನಾನು ಬಿಎ ಮುಗಿಸಿದೆ. ತಂಗಿಗೆ ಓದು ಹತ್ತಲಿಲ್ಲ, ಅಮ್ಮನ ಬೇಸಿನ್ನಿಗೆ ನಿಂತಳು. ಸೆಂಟರ್ ಬಂದಾಗ ಅವಳ ಮಗಳು ಆಗಷ್ಟೇ ಗೋಡೆ ಹಿಡಿದು ನಡೆಯುತ್ತಿದ್ದಳು. ಬೇರೆ ಯಾರಿಗೆ ಎಷ್ಟು ಬೇಕಿತ್ತೋ, ನನ್ನ ತಂಗಿಗಂತೂ ಆ ಸೆಂಟರ್ ಬೇಕೇ ಬೇಕಿತ್ತು. ಅವಳ ಅತ್ತೆಯೂ ಶೆಡ್ಡಿಗೆ ಹೋಗುವವರು, ಗಂಡ ಗೂಡು ಮಾರ್ಕೆಟ್ಟಿನಲ್ಲಿ ಹಮಾಲಿ. ಮಗುವನ್ನು ಶೆಡ್ಡಿಗೇ ಕರೆದೊಯ್ದು, ತೊಲೆಗೆ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಿದ್ದಳು. ಜೋಲಿಯಲ್ಲಿ ಮಲಗುವ ಮಗು ಸರಿ. ಜೋಲಿಯಿಂದ ಇಳಿದು ಓಡಾಡುವ ಮಗುವನ್ನು ಸುಡುನೀರಿನ ನಡುವೆ ಏನು ಮಾಡುವುದು?

ಚಿಕ್ಕಬಳ್ಳಾಪುರದಲ್ಲಿ ನಮಗೆ ತರಬೇತಿ ಕೊಟ್ಟರು. ಕೈ ತೊಳೆಸುವುದು ಹೇಗೆ, ತೂಕ ನೋಡುವುದು ಹೇಗೆ, ಹಾಡು ಹೇಳಿ ಕುಣಿಸುವುದು ಹೇಗೆ. ಚೆನ್ನಾಗಿಯೇ ಹೇಳಿಕೊಟ್ಟರು, ಇಲ್ಲ ಎನ್ನುವುದಿಲ್ಲ. ಕೊನೆಯಲ್ಲಿ ಸಮಯ ಹೇಳಿದರು: ಬೆಳಿಗ್ಗೆ ಹತ್ತರಿಂದ ಸಂಜೆ ಐದು. ನಮ್ಮ ಕಡೆ ಕೆಲಸ ಆರಕ್ಕೇ ಶುರುವಾಗುತ್ತದೆ ಎಂದು ನಾನು ಎದ್ದು ನಿಂತು ಹೇಳಿದೆ. ಎಲ್ಲ ಕಡೆಗೂ ಒಂದೇ ಟೈಮ್ ಅಮ್ಮ ಎಂದರು. ಹತ್ತರಿಂದ ಐದು ಎನ್ನುವುದು ಯಾರ ಟೈಮು? ಹೆಂಗಸರಲ್ಲಿ ಅದು ಯಾರ ಟೈಮೂ ಅಲ್ಲ. ಹೂವು ಬಿಡಿಸುವವಳು ಕತ್ತಲಿರುವಾಗಲೇ ತೋಟದಲ್ಲಿರುತ್ತಾಳೆ. ಗಾರ್ಮೆಂಟ್ಸಿಗೆ ಹೋಗುವವಳ ವ್ಯಾನು ಏಳಕ್ಕೆ ಮುಂಚೆ ಹಾರ್ನ್ ಹೊಡೆಯುತ್ತದೆ. ಹತ್ತರಿಂದ ಐದು ಆ ಯೋಜನೆ ಬರೆದವರ ಆಫೀಸಿನ ಟೈಮು.

ಮೊದಲ ಕೆಲವು ದಿನ ನಾನೊಬ್ಬಳೇ ಗಿಳಿ ಮೊಲಗಳ ಮುಖ ನೋಡಿಕೊಂಡು ಕೂತೆ. ತಂಗಿ ಮಧ್ಯಾಹ್ನ ಕೆಲಸ ಮುಗಿಸಿ, ಕಂಕುಳಲ್ಲಿ ಮಗು ಹೊತ್ತು ಬಾಗಿಲಲ್ಲಿ ನಿಂತು ನಕ್ಕಳು.

"ಚೆನ್ನಾಗಿದೆ ಕಣಕ್ಕ ನಿನ್ನ ಸೆಂಟರ್ರು. ನಾನು ಕೆಲ್ಸ ಮುಗಿಸ್ಕೊಂಡು ಬಂದ್ಮೇಲೆ ಮಗು ನೋಡ್ಕೊಳ್ತೀಯಾ?"

ಮಾರನೆಯ ದಿನದಿಂದ ನಾನು ಐದೂವರೆಗೇ ಬೀಗ ತೆಗೆದೆ. ಯಾರನ್ನೂ ಕೇಳಲಿಲ್ಲ. ಕೀಲಿ ನನ್ನ ಹತ್ತಿರವೇ ಇತ್ತು, ನನ್ನ ಮನೆ ಎರಡು ಸಂದಿ ಆಚೆ. ತಂಗಿಯ ಮಗಳು ಮೊದಲು ಬಂದಳು, ಅವಳ ಹಿಂದೆ ಇನ್ನೊಂದು, ಮತ್ತೊಂದು. ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿನಿಂದ ಹೆಗಲಿಗೆ ಇಸಿದುಕೊಂಡು ಚಾಪೆಯ ಮೇಲೆ ಮಲಗಿಸುತ್ತಿದ್ದೆ. ಎದ್ದ ಮೇಲೆ ಒಂದು ತೆಲುಗಿನಲ್ಲಿ ಅಳುತ್ತಿತ್ತು, ಒಂದು ಉರ್ದುವಿನಲ್ಲಿ, ತಂಗಿಯ ಮಗಳು ಎರಡನ್ನೂ ಕಲಿತು ಬೇಕಾದ್ದರಲ್ಲಿ ಅಳುತ್ತಿದ್ದಳು. ನಮ್ಮ ಬೀದಿಯ ಹೆಂಗಸರಲ್ಲಿ ಹಿರಿಯರೊಬ್ಬರಿದ್ದರು, ಅವರನ್ನು ಎಲ್ಲರೂ ಆಪಾ ಎಂದು ಕರೆಯುವುದು. ಅವರೂ ಸೊಸೆಯೂ ಒಂದೇ ಶೆಡ್ಡಿನಲ್ಲಿ ಅಕ್ಕಪಕ್ಕದ ಬೇಸಿನ್. ಮೊಮ್ಮಗನನ್ನು ನನ್ನ ಕೈಗೆ ಕೊಟ್ಟ ಮೊದಲ ದಿನ ಅವರು ನನ್ನ ತಲೆ ಮೇಲೆ ಕೈಯಿಟ್ಟು ಹೋದರು. ಶೆಡ್ಡುಗಳಲ್ಲಿ ಜೋಲಿಗಳು ಒಂದೊಂದಾಗಿ ಇಳಿದವು. ಆ ಕಾಲ ನೆನೆದರೆ ಸಂತೋಷವೇ ಆಗುತ್ತದೆ, ಸಂತೋಷದ ಹಿಂದೆಯೇ ಸಿಟ್ಟು ಬರುತ್ತದೆ.

ಸೆಂಟರ್ ನಡೆಯುತ್ತಿದೆ ಎನ್ನುವುದಕ್ಕೆ ದಿನಕ್ಕೆ ಎರಡು ಸಲ ಮಕ್ಕಳ ಫೋಟೊ ತೆಗೆದು ಮೊಬೈಲಿನಲ್ಲಿ ಕಳಿಸಬೇಕಿತ್ತು. ಬೆಳಿಗ್ಗೆ ಹತ್ತಕ್ಕೊಂದು, ಸಂಜೆ ನಾಲ್ಕಕ್ಕೊಂದು. ಬೇರೆ ಹೊತ್ತಿನಲ್ಲಿ ತೆಗೆದರೆ ಅದು ಹೋಗುವುದೇ ಇಲ್ಲ. ಹತ್ತರ ಫೋಟೊ ಸಲೀಸು. ಮಕ್ಕಳೆಲ್ಲ ಉಪ್ಪಿಟ್ಟಿನ ಬಾಯಲ್ಲೇ ಕೂತಿರುತ್ತಿದ್ದವು. ನಾಲ್ಕಕ್ಕೆ ಯಾರ ಫೋಟೊ ತೆಗೆಯಲಿ? ಎರಡೂವರೆಗೇ ತಾಯಂದಿರು ಬಂದು ಕರೆದುಕೊಂಡು ಹೋಗಿರುತ್ತಿದ್ದರು. ನಮ್ಮ ಸೂಪರ್‌ವೈಸರ್ ಮೇಡಂ ಫೋನ್ ಮಾಡಿದರು. ಸಣ್ಣ ವಯಸ್ಸಿನ ಹುಡುಗಿ, ಚಿಕ್ಕಬಳ್ಳಾಪುರದಿಂದ ಸ್ಕೂಟರಿನಲ್ಲಿ ಓಡಾಡುತ್ತಿದ್ದರು, ಮಾತು ಮೆದು. ಆದರೂ ಸುದ್ದಿ ಗಟ್ಟಿ. ನಾಲ್ಕರ ಫೋಟೊ ಇಲ್ಲದಿದ್ದರೆ ಸೆಂಟರ್ ಆ ದಿನ ನಡೆಯಲಿಲ್ಲ ಎಂದೇ ಲೆಕ್ಕವಂತೆ. ಹೊತ್ತು ಬದಲಾಯಿಸಿ ಮೇಡಂ ಎಂದು ಬೇಡಿಕೊಂಡೆ. ಮೇಲೆ ಕೇಳಿ ನೋಡ್ತೀನಿ ಅಕ್ಕ ಎಂದರು. ಕೇಳಿದರೋ ಇಲ್ಲವೋ, ಮೇಲಿನಿಂದ ಏನೂ ಇಳಿದು ಬರಲಿಲ್ಲ.

ದಾರಿ ಹುಡುಕಿದ್ದು ಆಪಾ. ಒಂದು ಮಧ್ಯಾಹ್ನ ನಾನು ತಲೆಗೆ ಕೈಹೊತ್ತು ಕೂತಿದ್ದನ್ನು ನೋಡಿ ವಿಚಾರಿಸಿದರು. ಇಷ್ಟೇನಾ ಎಂದರು. ನಾಲ್ಕಕ್ಕೆ ಮಕ್ಕಳು ಬೇಕು ತಾನೇ, ನಾವೇ ಕರೆದುಕೊಂಡು ಬರುತ್ತೇವೆ, ಫೋಟೊ ಹೊಡೆದುಕೋ, ಆಮೇಲೆ ಕರೆದುಕೊಂಡು ಹೋಗುತ್ತೇವೆ. ಬೆಳಿಗ್ಗೆಯಿಂದ ನಿಂತು ಕಾಲು ಊದಿಕೊಂಡ ಹೆಂಗಸರು, ಮನೆಗೆ ಹೋಗಿ ಉಂಡು ಒಂದು ಗಳಿಗೆ ಅಡ್ಡಾಗುವ ಹೊತ್ತು ಅದು. ಆ ಹೊತ್ತನ್ನು ಬಿಟ್ಟು ಮಕ್ಕಳನ್ನು ಎತ್ತಿಕೊಂಡು ಬರತೊಡಗಿದರು.

ಹಾಗೇ ಬಂದಿದ್ದರೆ ಬಹುಶಃ ಇಷ್ಟಾಗುತ್ತಿರಲಿಲ್ಲ. ಫೋಟೊ ಎಂದ ಮೇಲೆ ನಮ್ಮ ಕಡೆಯ ಯಾವ ತಾಯಿ ಮಗುವನ್ನು ಇದ್ದ ಹಾಗೇ ತರುತ್ತಾಳೆ? ಮುಖ ತೊಳೆಸಿ, ಪೌಡರ್ ಹಾಕಿ, ಕೆನ್ನೆಗೆ ದೃಷ್ಟಿಬೊಟ್ಟಿಟ್ಟು, ಹಬ್ಬದ ಬಟ್ಟೆ ತೊಡಿಸಿ ತಂದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ತಂಗಿಗೆ ಹಾಗೆಂದು ರೇಗಿಸಿದೆ. ಮಗಳಿಗೆ ಕುಚ್ಚಿನ ಗುಲಾಬಿ ಫ್ರಾಕು ಹಾಕಿ ತಂದಿದ್ದಳು. ಫೋಟೊ ಮೇಲಕ್ಕೆ ಹೋಗ್ತದಲ್ಲಕ್ಕ, ನೋಡಿದೋರು ಏನಂದ್ಕೊಂಡಾರು ಎಂದಳು. ತಾನೂ ಮುಖ ತೊಳೆದು, ಬೇರೆ ಸೀರೆ ಉಟ್ಟು, ತಲೆ ಬಾಚಿಕೊಂಡಿದ್ದಳು. ಎಲ್ಲರೂ ಹಾಗೇ. ಮಕ್ಕಳು ಕೂತಲ್ಲಿ ಕೂರುವುದಿಲ್ಲ, ಅದಕ್ಕೆ ತಾಯಂದಿರೂ ಪಕ್ಕದಲ್ಲಿ ಕೂರುತ್ತಿದ್ದರು. ಪ್ರತಿ ಸಂಜೆ ನಾಲ್ಕಕ್ಕೆ ನಮ್ಮ ಸೆಂಟರ್ ಮದುವೆಮನೆಯ ಹಾಗೆ ಕಾಣುತ್ತಿತ್ತು. ನಾನು ಚಿತ್ರ ಹೊಡೆದು ಕಳಿಸುತ್ತಿದ್ದೆ. ಮೇಡಂ ಖುಷಿಯಾಗಿ ಹೂವಿನ ಗುರುತು ಕಳಿಸುತ್ತಿದ್ದರು.

ವರ್ಷವಾಗುವ ಹೊತ್ತಿಗೆ ಯೋಜನೆ ಹೇಗೆ ನಡೆದಿದೆ ನೋಡಲು ಬೆಂಗಳೂರಿನಿಂದ ಒಂದು ತಂಡ ಬಂತು. ಅವರೂ ಬಂದದ್ದು ನಾಲ್ಕಕ್ಕೆ. ಮಧ್ಯಾಹ್ನದ ಊಟ ಚಿಕ್ಕಬಳ್ಳಾಪುರದಲ್ಲಿ ಮುಗಿಸಿ ಹೊರಟರೆ ಆ ಹೊತ್ತಿಗೇ ಇಲ್ಲಿಗೆ ತಲುಪುವುದು. ಮುಂದಾಳಾಗಿದ್ದವರು ನರೆಗೂದಲಿನ ಒಬ್ಬ ಅಧಿಕಾರಿ. ಬೂಟು ಹೊರಗೆ ಬಿಟ್ಟು, ಮಕ್ಕಳ ಜೊತೆ ಚಾಪೆಯ ಮೇಲೇ ಕೂತರು. ಆಪಾ ಅವರಿಗೆ ಟೀ ತರಿಸಿದರು. ಅಧಿಕಾರಿ ತಾಯಂದಿರನ್ನು ನಗುನಗುತ್ತ ಮಾತಾಡಿಸಿದರು. ದಿನಾ ಈ ಹೊತ್ತಿನಲ್ಲಿ ನೀವು ಮನೆಯಲ್ಲೇ ಇರುತ್ತೀರಾ ಎಂದು ಕೇಳಿದರು. ಇರ್ತೀವಿ ಸಾರ್ ಎಂದರು ನಮ್ಮವರು. ಮಕ್ಕಳೂ ನಿಮ್ಮ ಜೊತೆಗೇ ಇರುತ್ತಾರಾ? ನಮ್ ಜೊತೆಗೇ ಇರ್ತಾರೆ ಸಾರ್. ಕೇಳಿದ್ದಕ್ಕೆ ಉತ್ತರ. ಕೇಳದೆ ಇದ್ದದ್ದನ್ನು ದೊಡ್ಡವರ ಮುಂದೆ ಬಾಯಿ ಹಾಕಿ ಹೇಳಬಾರದು ಎಂದು ನಮ್ಮ ಹೆಂಗಸರಿಗೆ ಯಾವ ಮಹಾತಾಯಿ ಕಲಿಸಿದಳೋ. ನಾನು ಬಾಯಿ ಹಾಕಿದೆ. ಬೆಳಿಗ್ಗೆ ಎಂದು ಶುರು ಮಾಡಿದ್ದೇ ತಡ, ಅವರು ಕೈ ಎತ್ತಿ ತಡೆದು, ಮೊದಲು ತಾಯಂದಿರು ಮಾತಾಡಲಿ ಎಂದರು. ತಾಯಂದಿರ ದನಿ ಕೇಳಬೇಕು ಎನ್ನುವುದು ಅವರಿಗೆ ಯಾರೋ ಕಲಿಸಿದ ಪಾಠ. ತಾಯಂದಿರು ಸೆರಗು ಸರಿಮಾಡಿಕೊಂಡು ಸುಮ್ಮನೆ ನಕ್ಕರು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಜೀಪು ಹೊರಟಿತ್ತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತಿಂಗಳೊಪ್ಪತ್ತಿನಲ್ಲಿ ಸೆಂಟರ್ ಮುಚ್ಚಿತು. ತಾಯಂದಿರು ಮನೆಯಲ್ಲೇ ಇರುತ್ತಾರೆ, ಮಕ್ಕಳನ್ನು ತಾವೇ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಈ ಊರಿನಲ್ಲಿ ಬೇಡಿಕೆ ಇಲ್ಲ ಎಂದು ತೀರ್ಮಾನವಾಯಿತಂತೆ. ಸಾಕ್ಷಿಗೆ ನಾನೇ ಕಳಿಸಿದ ಫೋಟೊಗಳು. ಒಂದು ವರ್ಷದ ನಾಲ್ಕು ಗಂಟೆಗಳು, ಎಲ್ಲದರಲ್ಲೂ ಮಗುವಿನ ಪಕ್ಕದಲ್ಲಿ ತಲೆ ಬಾಚಿಕೊಂಡ ತಾಯಿ. ಹತ್ತು ಗಂಟೆಯ ಫೋಟೊಗಳೂ ಅಷ್ಟೇ ಇದ್ದವಲ್ಲ, ಅದರಲ್ಲಿ ತಾಯಂದಿರು ಎಲ್ಲಿ ಹೋದರು ಎಂದು ಒಬ್ಬನಿಗಾದರೂ ಹೊಳೆಯಬೇಡವೇ? ಮೇಡಂ ಕೀಲಿ ಇಸಿದುಕೊಳ್ಳಲು ಬಂದಾಗ ನನ್ನ ಮುಖ ನೋಡಲಿಲ್ಲ. ನಾನೂ ಅವರಿಗೆ ಕುಡಿಯಲು ನೀರು ಕೊಡಲಿಲ್ಲ.

ನನಗೂ ಹೊಟ್ಟೆಪಾಡಿದೆ. ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ತರಕಾರಿ ವಿಂಗಡಿಸಿ ಕ್ರೇಟಿಗೆ ತುಂಬುವ ಗೋಡೌನಿಗೆ ಸೇರಿದೆ. ಬೆಳಿಗ್ಗೆ ಹೋದರೆ ಬರುವುದು ಸಂಜೆ. ತಂಗಿ ಮತ್ತೆ ತೊಲೆಗೆ ಜೋಲಿ ಕಟ್ಟಿದಳು. ಅಷ್ಟೊತ್ತಿಗೆ ಮಗಳಿಗೆ ಎರಡು ತುಂಬಿತ್ತು, ಜೋಲಿಯಲ್ಲಿ ನಿಲ್ಲುತ್ತಿರಲಿಲ್ಲ. ಹಗ್ಗದ ಒಂದು ತುದಿಯನ್ನು ಮಗುವಿನ ಸೊಂಟಕ್ಕೂ ಇನ್ನೊಂದನ್ನು ಕಂಬಕ್ಕೂ ಕಟ್ಟುತ್ತೇನೆ ಎಂದಳು ಒಂದು ದಿನ. ಹೇಳಿ ಮುಖ ಆಚೆ ತಿರುಗಿಸಿದಳು. ಸಂತೆಯಲ್ಲಿ ಕುರಿಮರಿಯನ್ನು ಹಾಗೆ ಕಟ್ಟುತ್ತಾರೆ.

ಹಗ್ಗ ಕಟ್ಟಿದ್ದರೂ ಆಯಿತು. ಬೆಂದ ಗೂಡಿನ ಪಾತ್ರೆಯನ್ನು ಒಬ್ಬಾಕೆ ಎತ್ತಿಕೊಂಡು ಹೋಗುವಾಗ ಹಗ್ಗ ಕಾಲಿಗೆ ಸಿಕ್ಕಿತು. ಪಾತ್ರೆ ಒಂದಿಷ್ಟು ತುಳುಕಿತು, ಅಷ್ಟೇ. ಮಗುವಿನ ಎಡಗೈ, ಮೊಣಕೈಯಿಂದ ಕೆಳಗೆ. ಮಾಲೀಕರು ತಮ್ಮ ಗಾಡಿಯಲ್ಲೇ ಆಸ್ಪತ್ರೆಗೆ ಕರೆದೊಯ್ದರು, ಅವರ ಮೇಲೆ ನನಗೆ ದೂರಿಲ್ಲ. ಪಾತ್ರೆ ಹೊತ್ತಾಕೆ ಎರಡು ದಿನ ಅನ್ನ ಬಿಟ್ಟಳು. ಅವಳ ಮೇಲೂ ಇಲ್ಲ. ನಾನು ಗೋಡೌನಿನಿಂದ ಓಡಿ ಬಂದಾಗ ಮಗು ಅತ್ತು ಅತ್ತು ಸುಸ್ತಾಗಿ ಬಿಕ್ಕುತ್ತಿತ್ತು. ಆ ಕೈಗೆ ಸುತ್ತಿದ ಬಟ್ಟೆ ನೋಡಿದಾಗ ನನ್ನ ಕಣ್ಣ ಮುಂದೆ ಬಂದದ್ದು ಚಾಪೆಯ ಮೇಲೆ ಕೂತು ಟೀ ಕುಡಿದ ಆ ಅಧಿಕಾರಿಯ ನಗು. ಅವರು ಒಳ್ಳೆಯವರೇ ಇರಬಹುದು. ಒಳ್ಳೆಯತನ ಕಟ್ಟಿಕೊಂಡು ಏನು ಮಾಡಲಿ?

ತಂಗಿ ಮೂರನೆಯ ದಿನ ಮತ್ತೆ ಬೇಸಿನ್ನಿಗೆ ಹೋದಳು. ಹೋಗದಿದ್ದರೆ ಬೇಸಿನ್ ಬೇರೆಯವರದಾಗುತ್ತಿತ್ತು. ನಾನು ಗೋಡೌನು ಬಿಟ್ಟು ಮಗುವಿನ ಹತ್ತಿರ ಉಳಿದೆ.

ಅದೇ ವಾರ ಮೇಡಂ ಫೋನ್ ಮಾಡಿದರು. ಚಿಕ್ಕಬಳ್ಳಾಪುರದಲ್ಲಿ ಒಂದು ಮೀಟಿಂಗ್ ಇದೆ, ಯೋಜನೆಯಿಂದ ಕಲಿತ ಪಾಠಗಳ ಬಗ್ಗೆ, ನೀವೂ ಬಂದು ಅನುಭವ ಹೇಳಬೇಕು ಅಕ್ಕ ಎಂದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಹೋಗಬಾರದು ಅಂದುಕೊಂಡೆ. ಆಮೇಲೆ, ಹೋಗದಿದ್ದರೆ ಈ ಬಾಯಿ ಇರುವುದಾದರೂ ಯಾತಕ್ಕೆ ಅನ್ನಿಸಿತು. ಮೀಟಿಂಗ್ ಹತ್ತೂವರೆಗೆ. ಅಂದರೆ ಬೇಸಿನ್ ಮುಂದೆ ನಿಲ್ಲುವ ಒಬ್ಬಳೂ ಬರುವಂತಿರಲಿಲ್ಲ. ತಂಗಿಯ ಮಗಳನ್ನು ಎತ್ತಿಕೊಂಡು ನಾನೊಬ್ಬಳೇ ಬಸ್ ಹತ್ತಿದೆ. ಮಗು ಆಸ್ಪತ್ರೆಯ ಬಟ್ಟೆ ಸುತ್ತಿದ ಕೈಯನ್ನು ಕಿಟಕಿಯ ಕಂಬಿಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತ ಕೂತಿತ್ತು.

ದೊಡ್ಡ ಹಾಲು. ಹಿಂದೆ ಬಟ್ಟೆಯ ಬ್ಯಾನರು. ಕಲಿಕೆ ಎಂಬ ಪದ ಅದರ ಮೇಲೆ ನನ್ನ ಅಳತೆಯ ಅಕ್ಷರದಲ್ಲಿತ್ತು. ಗೌರಿಬಿದನೂರಿನಿಂದ ಬಂದವರು, ಚಿಂತಾಮಣಿಯಿಂದ ಬಂದವರು, ಎಲ್ಲರಿಗೂ ಒಂದೊಂದು ಪೆನ್ನು, ಒಂದೊಂದು ಚೀಲ. ಅದೇ ನರೆಗೂದಲಿನ ಅಧಿಕಾರಿ ವೇದಿಕೆಯ ಮೇಲಿದ್ದರು. ದೀಪ ಆರಿಸಿ ಗೋಡೆಯ ಮೇಲೆ ಚಿತ್ರಗಳನ್ನು ಬಿಟ್ಟರು. ಮೊದಲು ಗಿಳಿ ಮೊಲಗಳ ಗೋಡೆ ಬಂತು. ಆಮೇಲೆ ನನ್ನದೇ ಒಂದು ನಾಲ್ಕು ಗಂಟೆಯ ಫೋಟೊ ಬಂತು. ಇಲ್ಲಿ ಗಮನಿಸಬೇಕಾದದ್ದು, ತಾಯಂದಿರು ಬಿಡುವಾಗಿದ್ದಾರೆ ಎಂದು ಅವರು ವಿವರಿಸುತ್ತಿದ್ದರು. ಸರಿಯಾದ ಊರನ್ನು ಆರಿಸದೆ ಹೋದದ್ದೇ ನಾವು ಕಲಿತ ಪಾಠ ಎನ್ನುತ್ತಿದ್ದರು. ಆಗ ನನ್ನ ತೊಡೆಯ ಮೇಲಿದ್ದ ಮಗು ಎದ್ದು ನಿಂತಿತು. ಗುಲಾಬಿ ಫ್ರಾಕಿನ ತನ್ನನ್ನು ಗುರುತಿಸಿತೋ ಇಲ್ಲವೋ, ಪಕ್ಕದಲ್ಲಿ ಕೂತವಳನ್ನು ಗುರುತಿಸಿತು. ಸುಟ್ಟ ಕೈಯನ್ನೇ ಚಾಚಿ ತೋರಿಸಿ, ಅಮ್ಮ ಎಂದು ಕೂಗಿತು. ಗೋಡೆಯ ಮೇಲಿನ ಅಮ್ಮ ಇಳಿದು ಬರಲಿಲ್ಲ. ಮಗು ಅಳತೊಡಗಿತು.

ದೀಪ ಹಾಕಿದರು. ಅಧಿಕಾರಿಗೆ ಇರುಸುಮುರುಸಾಯಿತು, ಆದರೂ ದನಿ ಏರಿಸಲಿಲ್ಲ.

"ಮಗೂನ ಯಾಕಮ್ಮ ಕರ್ಕೊಂಡ್ ಬಂದ್ರಿ ಮೀಟಿಂಗಿಗೆ?"

"ಬಿಟ್ಟು ಬರೋಕೆ ಒಂದ್ ಜಾಗ ಇತ್ತು ಸಾರ್. ಅದನ್ನ ನೀವು ಮುಚ್ಚಿಸಿದ್ರಿ."

ಯಾರೋ ಹಿಂದೆ ಕೆಮ್ಮಿದರು. ನಾನು ಕೂರಲಿಲ್ಲ. ಮಗುವನ್ನು ಸೊಂಟಕ್ಕೆ ಹಾಕಿಕೊಂಡೇ ಎಲ್ಲ ಹೇಳಿದೆ. ಆರು ಗಂಟೆ ಹೇಳಿದೆ, ಎರಡೂವರೆ ಹೇಳಿದೆ, ಪೌಡರ್ ಹಾಕಿದ್ದು ಯಾಕೆ ಎಂದು ಹೇಳಿದೆ, ಹಗ್ಗ ಹೇಳಿದೆ, ಕೈ ತೋರಿಸಿದೆ. ಅಧಿಕಾರಿ ಪೂರ್ತಿ ಕೇಳಿದರು. ತುಂಬಾ ಮುಖ್ಯವಾದ ಅಭಿಪ್ರಾಯ, ಇದನ್ನೂ ಕಲಿಕೆಗಳಲ್ಲಿ ಸೇರಿಸಿಕೊಳ್ಳೋಣ ಎಂದು ಪಕ್ಕದವರಿಗೆ ಹೇಳಿದರು. ಮುಂದಿನ ಹಂತದಲ್ಲಿ ಸೆಂಟರುಗಳು ಗೌರಿಬಿದನೂರಿನ ಗಾರ್ಮೆಂಟ್ಸ್ ಹೆಂಗಸರಿಗೆ, ಚಿಂತಾಮಣಿಯ ಟೊಮೊಟೊ ಮಂಡಿಯ ಹೆಂಗಸರಿಗೆ ತೆರೆಯುತ್ತವೆ ಎಂದೂ ಹೇಳಿದರು. ಟೈಮ್ ಎಷ್ಟು ಸಾರ್ ಎಂದೆ. ಸದ್ಯಕ್ಕೆ ಹತ್ತರಿಂದ ಐದು, ಅದು ಮೇಲಿನ ಮಟ್ಟದಲ್ಲಿ ಆಗಬೇಕಾದ ವಿಚಾರ ಎಂದರು. ನನ್ನ ಪಕ್ಕದಲ್ಲಿ ಚಿಂತಾಮಣಿಯ ಹೆಂಗಸೊಬ್ಬರು ಕೂತಿದ್ದರು. ಮಂಡಿಗೆ ನಾವು ಕೋಳಿ ಕೂಗೋಕ್ ಮುಂಚೆ ಹೋಗ್ತೀವಿ ಎಂದು ನನಗೆ ಮಾತ್ರ ಕೇಳುವಂತೆ ಅಂದರು. ಎದ್ದು ಗಟ್ಟಿಯಾಗಿ ಹೇಳಿ ಎಂದೆ. ಅವರು ಸೆರಗು ಸರಿಮಾಡಿಕೊಂಡರು.

ಊಟಕ್ಕೆ ಪಲಾವು, ಮೊಸರುಬಜ್ಜಿ, ಜಾಮೂನು ಇತ್ತು. ಮಗು ಜಾಮೂನು ತಿಂದು ಸಮಾಧಾನವಾಯಿತು. ಅದೊಂದೇ ಆವತ್ತಿನ ಲಾಭ.

ಮಾರನೆಯ ದಿನ ಬೆಳಿಗ್ಗೆ ನಮ್ಮ ಮನೆಯ ಪಡಸಾಲೆಯಲ್ಲಿ, ಅಪ್ಪನ ಆ ಬುದ್ಧನ ಪಟದ ಕೆಳಗೆ ಚಾಪೆ ಹಾಸಿದೆ. ತಂಗಿಯ ಮಗಳು ಹೇಗೂ ಇದ್ದಳು. ಆಪಾ ತಮ್ಮ ಮೊಮ್ಮಗನನ್ನು ತಂದರು. ವಿಷಯ ಬೀದಿಗೆ ಹಬ್ಬಿತು. ಯಾರೋ ಅಕ್ಕಿ ತಂದಿಟ್ಟರು, ಯಾರೋ ಹಾಲು, ಏನೂ ತರಲಾಗದವರು ಸಂಜೆ ಬಂದು ಪಾತ್ರೆ ತೊಳೆದುಕೊಟ್ಟರು. ನಾನು ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ನನಗೆ ಸಂಬಳ ಬೇಕಿತ್ತು, ಈಗಲೂ ಬೇಕು. ಮನೆಯವರೊಬ್ಬರ ಆಟೊ ಮೇಲೆ ಬದುಕು ಎಳೆಯುತ್ತಿದೆ. ಮೂರು ಸಲ ಬಾಗಿಲು ಹಾಕಿಬಿಡೋಣ ಎಂದುಕೊಂಡಿದ್ದೇನೆ. ಮಗುವಿನ ಆ ಕೈಯ ಮೇಲೆ ಉಳಿದಿರುವ ಕಲೆ ನೋಡಿ ಸುಮ್ಮನಾಗಿದ್ದೇನೆ.

ಹೀಗಿರುವಾಗ ಒಂದು ಸಂಜೆ ನಾಲ್ಕಕ್ಕೆ ಬಾಗಿಲಲ್ಲಿ ಸ್ಕೂಟರ್ ನಿಂತಿತು. ಮೇಡಂ. ಆವತ್ತು ಆಪಾ, ಅವರ ಮೊಮ್ಮಗ, ತಂಗಿ, ಮಗಳು ನಮ್ಮಲ್ಲೇ ಇದ್ದರು, ಆಪಾ ಅವರೆಕಾಯಿ ತಂದಿದ್ದರು, ಸುಲಿಯುತ್ತ ಕೂತಿದ್ದೆವು. ಮೇಡಂ ಒಳಗೆ ಬಂದು ಚಾಪೆ ನೋಡಿದರು, ಮೂಲೆಯಲ್ಲಿದ್ದ ಆಟದ ಸಾಮಾನು ನೋಡಿದರು, ಮುಖ ಅರಳಿತು. ಸಾರ್‌ಗೆ ವಿಷಯ ಗೊತ್ತಾಗಿದೆ ಅಕ್ಕ, ತುಂಬಾ ಸಂತೋಷಪಟ್ಟರು ಎಂದರು. ಯೋಜನೆ ಮುಗಿದ ಮೇಲೂ ಜನರೇ ಮುಂದೆ ಬಂದು ನಡೆಸಿಕೊಂಡು ಹೋಗುತ್ತಿದ್ದಾರೆ, ಇದಕ್ಕಿಂತ ದೊಡ್ಡ ಕಲಿಕೆ ಯಾವುದಿದೆ ಎಂದರಂತೆ. ವರದಿಯ ಮುಖಪುಟಕ್ಕೆ ಒಂದು ಫೋಟೊ ಬೇಕಂತೆ. ಮಕ್ಕಳು, ತಾಯಂದಿರು, ನಾನು, ಎಲ್ಲ ಒಟ್ಟಿಗೆ.

ನನ್ನ ಪಿತ್ತ ನೆತ್ತಿಗೇರಿತು. ಮುಚ್ಚಿದವರೂ ಅವರೇ, ಈಗ ನಾವು ತೆರೆದದ್ದೂ ಅವರದೇ. ನಮ್ಮ ಕೂಳಿಗೆ ಅವರ ಒಗ್ಗರಣೆ. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಪಕ್ಕಕ್ಕೆ ನೋಡಿದೆ. ಫೋಟೊ ಎಂಬ ಮಾತು ಕಿವಿಗೆ ಬಿದ್ದದ್ದೇ ಆಪಾ ಸೆರಗಿನ ತುದಿಯನ್ನು ಒದ್ದೆ ಮಾಡಿ ಮೊಮ್ಮಗನ ಮುಖ ಒರೆಸುತ್ತಿದ್ದರು. ತಂಗಿ ಗೋಡೆಯ ಗೂಡಿನಿಂದ ನನ್ನ ಬಾಚಣಿಗೆ ತೆಗೆದುಕೊಂಡು ಮಗಳ ತಲೆ ಹಿಡಿದು ಬೈತಲೆ ತೆಗೆಯುತ್ತಿದ್ದಳು. ಕಲೆಬಿದ್ದ ಕೈ ಕಾಣದಿರಲಿ ಎಂದು ಫ್ರಾಕಿನ ತೋಳು ಕೆಳಗೆ ಎಳೆಯುತ್ತಿದ್ದಳು.

ನಾನು ಎದ್ದು ಹೋಗಿ ತಂಗಿಯ ಕೈಯಿಂದ ಬಾಚಣಿಗೆ ಕಿತ್ತುಕೊಂಡೆ. ಅವಳು ಬೆಚ್ಚಿ ನೋಡಿದಳು. ಮೇಡಂ ಕಡೆ ತಿರುಗಿದೆ.

"ಬೆಳಿಗ್ಗೆ ಆರಕ್ಕೆ ಬನ್ನಿ ಮೇಡಂ. ಎಷ್ಟ್ ಬೇಕೋ ಅಷ್ಟ್ ಫೋಟೊ ತೆಕ್ಕೊಳ್ಳಿ."

ಮೇಡಂ ಕೈಯಲ್ಲಿದ್ದ ಫೋನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅವರ ದನಿ ಆಫೀಸಿನ ದನಿಯಾಗಿರಲಿಲ್ಲ.

"ಆರಕ್ಕೆ ನಾನ್ ಹೆಂಗ್ ಬರ್ಲಿ ಅಕ್ಕ? ನಂಗೂ ಚಿಕ್ಕ ಪಾಪು ಇದೆ. ಅಷ್ಟೊತ್ತಿಗೆ ಯಾರ್ ಹತ್ರ ಬಿಡ್ಲಿ?"

ಆಪಾ ಮೊಮ್ಮಗನ ಮುಖ ಒರೆಸುವುದನ್ನು ನಿಲ್ಲಿಸಿದರು. ತಂಗಿ ಮಗಳ ತೋಳಿನ ಮೇಲಿನ ಕೈ ತೆಗೆದಳು. ಇಷ್ಟು ದಿನ ಸ್ಕೂಟರಿನಲ್ಲಿ ಓಡಾಡುತ್ತ, ಹೂವಿನ ಗುರುತು ಕಳಿಸುತ್ತ, ಕೀಲಿ ಇಸಿದುಕೊಂಡು ಹೋಗುತ್ತ ಇದ್ದ ಈ ಹುಡುಗಿಗೂ ಒಂದು ಮಗುವಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಸಿಟ್ಟು ಇಳಿಯಲಿಲ್ಲ. ಅದಕ್ಕೆ ಹೋಗಲು ಇನ್ನೊಂದು ಬಾಗಿಲು ಸಿಕ್ಕಿತು ಅಷ್ಟೇ.

"ಪಾಪೂನೂ ಕರ್ಕೊಂಡ್ ಬನ್ನಿ," ಎಂದೆ. "ನಾನ್ ನೋಡ್ಕೋತೀನಿ."

ಮೇಡಂ ಫೋಟೊ ತೆಗೆಯದೆ ಸ್ಕೂಟರ್ ಹತ್ತಿದರು. ವರದಿ ಬಂದಿದೆಯಂತೆ, ಮುಖಪುಟದಲ್ಲಿ ಬೇರೆ ಯಾವುದೋ ಊರಿನ ಮಕ್ಕಳಿದ್ದಾರಂತೆ. ಮೇಡಂ ಆಗಲಿ, ಅವರ ಪಾಪುವಾಗಲಿ ಇನ್ನೂ ಬಂದಿಲ್ಲ. ನಾನು ಐದೂವರೆಗೆ ಬಾಗಿಲು ತೆಗೆಯುತ್ತೇನೆ.